ಒತ್ತುವವರಿಗೆ ಕಾಣದ ಬಟನ್‌ಗೆ ಯಾವ ಬಣ್ಣ ಹಚ್ಚಿದರೇನು?

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದಿಂದ ಹೈಸ್ಕೂಲ್ ಮಕ್ಕಳಿಗೆ ಭಾಷಣ ಸ್ಪರ್ಧೆ ಇಟ್ಟದ್ದು ಹಲವರಿಗೆ ನೆನಪಿರಬಹುದು. ಆಗ ನಾವು ಫಸ್ಟ್ ಇಯರ್. ಸಂಘಕ್ಕೆ ಸೇರಿ ಸರಿಯಾಗಿ ಒಂದು ತಿಂಗಳು ಕೂಡ ಆಗಿರಲಿಲ್ಲ. "ರಿಜಿಸ್ಟ್ರೇಷನ್‌ಗೆ ವೆಬ್ ಪೇಜ್ ಯಾರು ಮಾಡ್ತೀರಿ?" ಅಂತ ಸೀನಿಯರ್ಸ್ ಕೇಳಿದಾಗ ನಾವು ಮೂವರು ಕೈ ಎತ್ತಿದೆವು. ಒಬ್ಬ ಬಂಟ್ವಾಳದವ, ಒಬ್ಬಳು ಬೆಳ್ತಂಗಡಿಯವಳು, ಒಬ್ಬ ಮೂಡುಬಿದಿರೆಯವ. ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಪ್ರಬಂಧ ಬರೆಯಲಿಕ್ಕೆ ಧೈರ್ಯ ಇರಲಿಲ್ಲ, ಸಿಎಸ್‌ಎಸ್ ಬರೆಯಲಿಕ್ಕೆ ಇತ್ತು.

ಪೇಜ್ ಚಂದ ಬಂದಿತ್ತು. ನಾವೇ ಹೇಳಿಕೊಳ್ಳುವುದಲ್ಲ, ಎಲ್ಲರೂ ಹೇಳಿದರು. ರಾಜ್ಯೋತ್ಸವ ಅಂದಮೇಲೆ ಬಣ್ಣ ಹುಡುಕಬೇಕಾಗಿಯೇ ಇಲ್ಲ. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಅರಿಶಿನ-ಕುಂಕುಮದ ಬಾವುಟ ಉಂಟಲ್ಲ. ಅರಿಶಿನದ ಹಳದಿಯ ಅಗಲದ ಬಟನ್, ಅದರ ಮೇಲೆ ಬಿಳಿ ಅಕ್ಷರದಲ್ಲಿ "ನೋಂದಾಯಿಸಿ". ಅದರ ಕೆಳಗೆ ಅಂಟಿಕೊಂಡ ಹಾಗೆ ಕೆಂಪು ಪಟ್ಟಿ, ಅದರಲ್ಲಿ ಕೊನೆಯ ದಿನಾಂಕ. ಮೌಸ್ ತಂದು ಬಟನ್ ಮೇಲಿಟ್ಟರೆ ಬಿಳಿ ಅಕ್ಷರ ಕಡು ಕೆಂಪಾಗಿ ಬದಲಾಗುತ್ತಿತ್ತು, ಹಿಂದೆ ಸಣ್ಣ ನೆರಳು ಬೀಳುತ್ತಿತ್ತು. ಆ ಎಫೆಕ್ಟ್‌ಗೆ ನಾವು ಒಂದು ಇಡೀ ರಾತ್ರಿ ಹಾಕಿದ್ದೆವು.

ಸ್ಪರ್ಧೆ ಮುಗಿದ ಮರುದಿನ ಒಬ್ಬರು ಟೀಚರ್ ಫೋನ್ ಮಾಡಿದರು. ಬೆಳ್ತಂಗಡಿ ಕಡೆಯ ಒಂದು ಕನ್ನಡ ಮೀಡಿಯಂ ಶಾಲೆಯವರು.

"ನೀವು ರಿಜಿಸ್ಟ್ರೇಷನ್ ಯಾವಾಗ ಕ್ಲೋಸ್ ಮಾಡಿದ್ದು? ನಾವು ನೋಡುವಾಗ ಅದರಲ್ಲಿ ಎಂತದೂ ಇರಲಿಲ್ಲ."

"ಟೀಚರ್, ಕೆಳಗೆ ಹಳದಿ ಬಟನ್ ಇತ್ತಲ್ಲ?"

"ಓ, ಅದು ಬಟನಾ? ನಾವು ಬಾವುಟದ ಚಿತ್ರ ಅಂತ ತಿಳ್ಕೊಂಡದ್ದು."

ಅವರು ನೋಡಿದ್ದು ಶಾಲೆಯ ಅಂಗಳದಲ್ಲಿ, ಮಧ್ಯಾಹ್ನ, ಮೊಬೈಲಿನಲ್ಲಿ. ಕೊನೆಯ ದಿನಕ್ಕೆ ಇನ್ನೂ ಎರಡು ದಿನ ಬಾಕಿ ಇತ್ತು. ಇಬ್ಬರು ಮಕ್ಕಳು ಎರಡು ವಾರದಿಂದ ಭಾಷಣ ಬಾಯಿಪಾಠ ಮಾಡಿದ್ದರಂತೆ. ಟೀಚರ್ ಬೈಯಲಿಲ್ಲ. "ಇರ್ಲಿ, ಮುಂದಿನ ಸರ್ತಿ ಬರ್ತೇವೆ" ಅಂದರು. ಬೈದಿದ್ದರೆ ಚೆನ್ನಾಗಿತ್ತು ಅಂತ ನಮಗೆ ಈಗಲೂ ಅನಿಸ್ತದೆ.

ಆ ಫೋನಿನ ನಂತರ ನಾವು ಕಲಿತದ್ದು, ಆಮೇಲೆ ನಮಗಾದ ಅಭಿಪ್ರಾಯ, ಎರಡೂ ಇಲ್ಲಿ ಉಂಟು. ಅಭಿಪ್ರಾಯ ಇಷ್ಟೇ: ಬಟನ್‌ನ ಬಣ್ಣ ಒತ್ತುವವರದ್ದು, ಹಚ್ಚುವವರದ್ದಲ್ಲ. ಇದು ಕೇಳಲಿಕ್ಕೆ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ನಮ್ಮ ಕ್ಯಾಂಪಸ್ಸಿನಲ್ಲಿ ಆಗುವ ಫೆಸ್ಟ್ ಪೇಜ್, ಮಿನಿ ಪ್ರಾಜೆಕ್ಟ್, ಹ್ಯಾಕಥಾನ್ ಡೆಮೊ ಯಾವುದನ್ನೇ ತೆಗೆದು ನೋಡಿ. ನಾವು ಯಾರೂ ಹಾಗೆ ಕೆಲಸ ಮಾಡ್ತಾ ಇಲ್ಲ.

ಮೊದಲು ಲೆಕ್ಕ ನೋಡುವ. ಇಂಜಿನಿಯರಿಂಗ್ ಹುಡುಗರಲ್ವಾ, "ಕಾಣುವುದಿಲ್ಲ" ಅಂತ ಯಾರಾದರೂ ಹೇಳಿದರೆ "ನಮಗೆ ಕಾಣ್ತದಲ್ಲ" ಅಂತ ವಾದ ಮಾಡ್ತೇವೆ. ಆದರೆ ಕಾಣುವುದಕ್ಕೂ ಒಂದು ಅಳತೆ ಉಂಟು.

ವೆಬ್ ಪುಟ ಎಲ್ಲರಿಗೂ ಎಟುಕಬೇಕು ಅಂತ ಡಬ್ಲ್ಯೂ3ಸಿ ಮಾಡಿರುವ ನಿಯಮಾವಳಿಗೆ ಡಬ್ಲ್ಯೂಸಿಎಜಿ ಅಂತ ಹೆಸರು. ಅದರ 2.0 ಆವೃತ್ತಿ 2008ರಲ್ಲಿ ಬಂತು, 2.2 ಆವೃತ್ತಿ 2023ರಲ್ಲಿ. ಅದರ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಇರಬೇಕು. ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ದೊಡ್ಡದು ಅಂದರೆ 18 ಪಾಯಿಂಟ್, ದಪ್ಪಕ್ಷರವಾದರೆ 14 ಪಾಯಿಂಟ್. ಕಪ್ಪು-ಬಿಳಿಯ ನಡುವೆ ಇರುವುದು 21, ಅದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ. ಒಂದೇ ಬಣ್ಣದ ಮೇಲೆ ಅದೇ ಬಣ್ಣ ಹಾಕಿದರೆ 1.

ಈ ಸಂಖ್ಯೆ ಬರುವುದು ಬಣ್ಣದ ಹೊಳಪಿನಿಂದ. ಹೊಳಪಿನಲ್ಲಿ ಕೆಂಪಿನ ಪಾಲು 0.2126, ಹಸಿರಿನದು 0.7152, ನೀಲಿಯದು ಬರೀ 0.0722. ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಹೊಳೆಯುತ್ತದೆ, ನೀಲಿ ತೀರಾ ಕಮ್ಮಿ. ಪೂರ್ತಿ ಹಳದಿ ಅಂದರೆ ಕೆಂಪೂ ಹಸಿರೂ ಎರಡೂ ಪೂರ್ತಿ. ಕೂಡಿಸಿದರೆ 0.9278. ಬಿಳಿಯ ಹೊಳಪು 1. ಅಂದರೆ ಲೆಕ್ಕದಲ್ಲಿ ಹಳದಿ ಮತ್ತು ಬಿಳಿ ಅಣ್ಣ-ತಮ್ಮ. ಹಳದಿಯ ಮೇಲೆ ಬಿಳಿ ಅಕ್ಷರ ಬರೆಯುವುದು ಸುಣ್ಣ ಹೊಡೆದ ಗೋಡೆಯ ಮೇಲೆ ಸುಣ್ಣದಲ್ಲೇ ಬರೆದ ಹಾಗೆ.

ನಮ್ಮ ಬಟನ್ ಅಷ್ಟು ತಿಳಿ ಹಳದಿ ಅಲ್ಲ. ಆರ್‌ಜಿಬಿಯಲ್ಲಿ 255, 204, 0. ಆದರೂ ಅದರ ಮೇಲೆ ಬಿಳಿ ಅಕ್ಷರದ ಕಾಂಟ್ರಾಸ್ಟ್ ಬಂದದ್ದು ಸುಮಾರು 1.5. ಬೇಕಾದದ್ದು 4.5. ಪರೀಕ್ಷೆಯ ಭಾಷೆಯಲ್ಲಿ ಹೇಳುವುದಾದರೆ ಗ್ರೇಸ್ ಮಾರ್ಕ್ಸ್ ಕೊಟ್ಟರೂ ಪಾಸಾಗುವ ಹಾಗಿರಲಿಲ್ಲ.

ಹಾಗಾದರೆ ಬಾವುಟದ ಬಣ್ಣ ಬಿಡಬೇಕಾ? ಬೇಡ. ಅದೇ ಹಳದಿಯ ಮೇಲೆ ಪೂರ್ತಿ ಕೆಂಪು, ಅಂದರೆ 255, 0, 0 ಹಾಕಿದರೆ 2.6 ಬರ್ತದೆ, ಅದೂ ಫೇಲ್. ಕೆಂಪನ್ನು ಸ್ವಲ್ಪ ಕಡು ಮಾಡಿ 176, 0, 0 ಇಟ್ಟರೆ 4.9, ಪಾಸ್. ಕಡು ಕೆಂಪು ಬಟನ್ ಮೇಲೆ ಬಿಳಿ ಅಕ್ಷರ ಬರೆದರೆ 7.4. ಹಳದಿಯ ಮೇಲೆ ಕಪ್ಪು ಬರೆದರೆ ಹತ್ತಿರ ಹತ್ತಿರ 14. ಅರಿಶಿನವೂ ಉಳಿಯಿತು, ಕುಂಕುಮವೂ ಉಳಿಯಿತು, ಟೀಚರಿಗೂ ಕಾಣ್ತಿತ್ತು. ಬದಲಿಸಬೇಕಾಗಿದ್ದದ್ದು ಒಂದೇ ಸಾಲು.

ಇನ್ನು ಬಿಸಿಲಿನ ವಿಷಯ. ಈ ಲೆಕ್ಕದ ಸೂತ್ರದಲ್ಲಿ ಎರಡೂ ಹೊಳಪಿಗೆ 0.05 ಕೂಡಿಸಿ ಆಮೇಲೆ ಭಾಗಿಸುತ್ತಾರೆ. ಆ 0.05 ಸ್ಕ್ರೀನ್ ಮೇಲೆ ಬೀಳುವ ಸುತ್ತಲಿನ ಬೆಳಕಿನ ಬಾಬ್ತು. ರೂಮಿನೊಳಗೆ ಅದು ಸಾಕು. ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಸಾಕಾ? ಸುಮ್ಮನೆ ತಿಳಿಯಲಿಕ್ಕೆ ಅದನ್ನು 0.5 ಅಂತ ಇಟ್ಟು ನೋಡಿದೆವು. ಇದು ನಿಯಮ ಅಲ್ಲ, ನಮ್ಮ ಅಂದಾಜಿನ ಲೆಕ್ಕ. ಹಳದಿಯ ಮೇಲಿನ ಕಪ್ಪು ಅಕ್ಷರ 14ರಿಂದ 2.3ಕ್ಕೆ ಇಳಿಯಿತು. ಹಳದಿಯ ಮೇಲಿನ ಬಿಳಿ 1.3ಕ್ಕೆ ಇಳಿದು ಬಹುತೇಕ ಮಾಯ. ಬಿಸಿಲು ಎಲ್ಲ ಬಣ್ಣಕ್ಕೂ ಸಮನಾಗಿ ಬೆಳಕು ಸುರಿದು ವ್ಯತ್ಯಾಸವನ್ನು ಅಳಿಸಿಬಿಡ್ತದೆ. ಒಳಗೆ ಕೂತಾಗ ಭಾರೀ ಗಾಢ ಅನಿಸುವ ಬಣ್ಣ ಹೊರಗೆ ಬಂದಾಗ ಅಷ್ಟಕ್ಕಷ್ಟೆ. ಒಳಗೇ ತಿಳಿ ಇದ್ದದ್ದು ಹೊರಗೆ ಬಂದರೆ ಇಲ್ಲವೇ ಇಲ್ಲ.

ಈ ವಿಷಯ ನಮ್ಮ ಊರಿನವರಿಗೆ ಹೊಸತಲ್ಲ. ಮೂಡುಬಿದಿರೆಯ ಜೈನ ಮಠದಲ್ಲಿ ಹಳೆಯ ತಾಳೆಗರಿ ಗ್ರಂಥಗಳುಂಟು. ಗರಿಯ ಮೇಲೆ ಕಂಠದಿಂದ ಕೊರೆದು ಬರೆಯುವ ಕ್ರಮದಲ್ಲಿ, ಕೊರೆದ ಅಕ್ಷರ ಹಾಗೇ ಬಿಟ್ಟರೆ ಕಾಣುವುದಿಲ್ಲ. ಮೇಲಿಂದ ಮಸಿ ತಿಕ್ಕಿ ಒರೆಸಿದರೆ ಗೀರಿನೊಳಗೆ ಮಸಿ ನಿಂತು ಅಕ್ಷರ ಎದ್ದು ಬರ್ತದೆ. ಬರೆದದ್ದು ಓದಲಿಕ್ಕೆ ಸಿಗಬೇಕು ಎಂಬುದು ಆ ಕೆಲಸದ ಭಾಗವೇ ಆಗಿತ್ತು. ನಾವು ಕೊರೆದು ಮಸಿ ತಿಕ್ಕದೆ ಎದ್ದು ಹೋದವರು.

ಯಕ್ಷಗಾನ ನೋಡಿ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳದ ಆಟ ನೋಡಿದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ತೆಂಕುತಿಟ್ಟಿನ ಬಣ್ಣದ ವೇಷದವರು ಚೌಕಿಯಲ್ಲಿ ಕೂತು ಗಂಟೆಗಟ್ಟಲೆ ಮುಖಕ್ಕೆ ಬರೆಯುತ್ತಾರೆ. ಕೆಂಪು, ಕಪ್ಪು, ಅದರ ಮೇಲೆ ಅಕ್ಕಿ ಹಿಟ್ಟು ಮತ್ತು ಸುಣ್ಣದ ಬಿಳಿ ಚುಟ್ಟಿ. ಹತ್ತಿರದಿಂದ ನೋಡಿದರೆ ಹೆದರಿಕೆ ಆಗುವಷ್ಟು ಗಾಢ. ಆದರೆ ಆ ಬಣ್ಣ ಚೌಕಿಯ ಕನ್ನಡಿಗಾಗಿ ಅಲ್ಲ. ದೊಂದಿಯ ಬೆಳಕಿನಲ್ಲಿ ಆಟ ಆಗ್ತಿದ್ದ ಕಾಲದಲ್ಲಿ ಕೊನೆಯಲ್ಲಿ ಚಾಪೆ ಹಾಸಿ ಕೂತವರಿಗೂ ರಾಕ್ಷಸ ಯಾರು ಅಂತ ಗೊತ್ತಾಗಬೇಕಿತ್ತು. ವೇಷಧಾರಿ ತನಗೆ ಕನ್ನಡಿಯಲ್ಲಿ ಚಂದ ಕಂಡರೆ ಸಾಕು ಅಂತ ಬಣ್ಣ ಹಚ್ಚಿದರೆ ಆಟ ಕೆಡ್ತದೆ. ನಾವು ಮಾಡಿದ್ದು ಅದನ್ನೇ. ಹಾಸ್ಟೆಲ್ ರೂಮು ನಮ್ಮ ಚೌಕಿ, ಲ್ಯಾಪ್‌ಟಾಪ್ ನಮ್ಮ ಕನ್ನಡಿ. ರಂಗಸ್ಥಳಕ್ಕೆ ಹೋಗಿ ನೋಡಿದವರೇ ಇಲ್ಲ.

ಮೊಬೈಲಿನ ವಿಷಯದಲ್ಲಿ ನಾವು ಮಾಡಿದ ತಪ್ಪು ಇನ್ನೂ ನಾಚಿಕೆಯದ್ದು. ಬಿಳಿ ಅಕ್ಷರ ಕಾಣ್ತಿಲ್ಲ ಅಂತ ನಮಗೆ ಯಾಕೆ ಗೊತ್ತಾಗಲಿಲ್ಲ? ಪ್ರತಿ ಸಲ ಟೆಸ್ಟ್ ಮಾಡುವಾಗ ನಾವು ಮೌಸ್ ಬಟನ್ ಮೇಲೆ ಇಡುತ್ತಿದ್ದೆವು. ಇಟ್ಟ ಕೂಡಲೇ ಹೋವರ್ ಬಣ್ಣ ಬಂದು ಅಕ್ಷರ ಕಡು ಕೆಂಪಾಗುತ್ತಿತ್ತು. ನಾವು ನೋಡಿದ್ದು ಯಾವಾಗಲೂ ಪಾಸಾದ ಬಣ್ಣವನ್ನು. ಮೊಬೈಲಿನಲ್ಲಿ ಮೌಸ್ ಎಲ್ಲುಂಟು ಮಾರ್ರೆ? ಬೆರಳು ತಾಗುವ ಮೊದಲು ಅಲ್ಲಿ ಹೋವರ್ ಇಲ್ಲ. ಒಂದು ಇಡೀ ರಾತ್ರಿ ಹಾಕಿದ ಎಫೆಕ್ಟ್ ಟೀಚರಿಗೆ ಕಾಣಲೇ ಇಲ್ಲ, ನಮಗೆ ಮಾತ್ರ ಕಂಡಿತು, ಮತ್ತು ನಮ್ಮನ್ನೇ ಮೋಸ ಮಾಡಿತು.

ಬಟನ್‌ಗೆ ಒಂದು ಬಣ್ಣ ಅಂತ ಇಲ್ಲ. ಸುಮ್ಮನೆ ಇರುವಾಗ ಒಂದು, ಹೋವರ್‌ನಲ್ಲಿ ಒಂದು, ಕೀಬೋರ್ಡಿನ ಟ್ಯಾಬ್ ಒತ್ತಿ ಅಲ್ಲಿಗೆ ಬಂದಾಗ ಫೋಕಸ್‌ನದ್ದು ಒಂದು, ಒತ್ತುವ ಕ್ಷಣಕ್ಕೆ ಒಂದು, ಒತ್ತಲಿಕ್ಕೆ ಆಗದೆ ಡಿಸೇಬಲ್ ಆದಾಗ ಒಂದು. ಪ್ರತಿಯೊಂದಕ್ಕೂ ಹಿನ್ನೆಲೆ ಮತ್ತು ಅಕ್ಷರ ಎರಡೂ ಜೋಡಿಯಾಗಿ ಬರೆಯಬೇಕು. ನಾವು ಏನು ಮಾಡ್ತೇವೆ? ಹಿನ್ನೆಲೆ ಬದಲಿಸಿ ಅಕ್ಷರ ಮರೆಯುತ್ತೇವೆ. ಫೋಕಸ್ ಆದಾಗ ಬರುವ ಸುತ್ತಲಿನ ಗೆರೆ "ಚಂದ ಇಲ್ಲ" ಅಂತ ಔಟ್‌ಲೈನ್ ನನ್ ಅಂತ ಬರೆದು ತೆಗೆದುಬಿಡ್ತೇವೆ. ಮೌಸ್ ಹಿಡಿಯಲಿಕ್ಕೆ ಆಗದೆ ಕೀಬೋರ್ಡಿನಲ್ಲೇ ಹೋಗುವವರಿಗೆ ತಾವು ಪುಟದಲ್ಲಿ ಎಲ್ಲಿದ್ದೇವೆ ಅಂತ ಹೇಳುವುದು ಆ ಗೆರೆ ಮಾತ್ರ. ಅದು ಮೌಸ್‌ನವರಿಗೆ ಕಿರಿಕಿರಿ ಆಗಬಾರದು ಅಂತಿದ್ದರೆ ಫೋಕಸ್-ವಿಸಿಬಲ್ ಅಂತ ಬೇರೆಯೇ ಸೆಲೆಕ್ಟರ್ ಉಂಟು. ಕಲಿಯಲಿಕ್ಕೆ ಎರಡು ನಿಮಿಷ.

ಇನ್ನೊಂದು ಅಭ್ಯಾಸ, ಕೆಂಪು ಅಂದರೆ ಬೇಡ, ಹಸಿರು ಅಂದರೆ ಹೌದು ಅಂತ ಬಣ್ಣಕ್ಕೇ ಅರ್ಥ ಕೊಟ್ಟು ಬಿಡುವುದು. ನಮ್ಮ ಪೇಜಿನಲ್ಲೇ ಸೀಟು ಉಳಿದಿದ್ದರೆ ಹಸಿರು ಚುಕ್ಕೆ, ತುಂಬಿದರೆ ಕೆಂಪು ಚುಕ್ಕೆ ಇತ್ತು, ಮಾತು ಇರಲಿಲ್ಲ. ಕೆಂಪು-ಹಸಿರು ಗುರುತಿಸಲಾಗದ ಬಣ್ಣಗುರುಡು ಹೆಚ್ಚಾಗಿ ಎಕ್ಸ್ ಕ್ರೋಮೋಸೋಮ್ ಮೂಲಕ ಬರುವುದರಿಂದ ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ. ಸಿಎಸ್‌ಎಸ್‌ನ ರೆಡ್ ಮತ್ತು ಗ್ರೀನ್ ಎಂಬ ಹೆಸರಿನ ಎರಡು ಬಣ್ಣಗಳ ನಡುವಿನ ಕಾಂಟ್ರಾಸ್ಟ್ ಬರೀ 1.3. ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿದರೆ ಎರಡೂ ಒಂದೇ ಬೂದಿ. ಮೆಕ್ಯಾನಿಕಲ್ ಕ್ಲಾಸಿನ ಹುಡುಗರ ಸಂಖ್ಯೆ ನೋಡಿದರೆ ಈ ವಿಷಯ ನಮ್ಮ ಮನೆಯದೇ. "ಸೀಟು ಉಂಟು", "ತುಂಬಿದೆ" ಅಂತ ಎರಡು ಶಬ್ದ ಬರೆದಿದ್ದರೆ ಸಾಕಿತ್ತು.

ಇದನ್ನೆಲ್ಲ ಹೇಳಿದಾಗ ಫ್ರೆಂಡ್ಸ್ ಕಡೆಯಿಂದ ಮೂರು ಉತ್ತರ ಬಂತು. ಮೂರಕ್ಕೂ ನಮ್ಮ ಮಾತು ಉಂಟು.

ಒಂದು, "ಕಾಂಟ್ರಾಸ್ಟ್ ಇಟ್ಟರೆ ಡಿಸೈನ್ ಸರ್ಕಾರಿ ಫಾರ್ಮ್ ಹಾಗೆ ಕಾಣ್ತದೆ." ಬಣ್ಣದ ವೇಷ ಸರ್ಕಾರಿ ಫಾರ್ಮ್ ಹಾಗೆ ಕಾಣ್ತದಾ? ಈ ಕರಾವಳಿಯಲ್ಲಿ ಅದಕ್ಕಿಂತ ಚಂದದ ಮತ್ತು ಅದಕ್ಕಿಂತ ದೂರಕ್ಕೆ ಕಾಣುವ ಡಿಸೈನ್ ಯಾವುದುಂಟು ಹೇಳಿ. ತಿಳಿ ಬೂದಿಯ ಮೇಲೆ ತಿಳಿ ಬೂದಿ ಬರೆಯುವುದು ಸೌಂದರ್ಯ ಅಂತ ನಮಗೆ ಅನಿಸುವುದು ನಾವು ನೋಡುವ ಟೆಂಪ್ಲೇಟ್‌ಗಳಿಂದ. ಬಿಳಿಯ ಮೇಲೆ 777777 ಎಂಬ ಬೂದಿ 4.48 ಬಂದು ಫೇಲ್, 767676 ಎಂಬ ಬೂದಿ 4.54 ಬಂದು ಪಾಸ್. ಈ ಎರಡರ ವ್ಯತ್ಯಾಸ ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ. ಹಾಗಿರುವಾಗ ಪಾಸಾಗುವ ಬಣ್ಣ ಆರಿಸಿದರೆ ನಿಮ್ಮ ಚಂದ ಎಲ್ಲಿ ಹೋಯಿತು?

ಎರಡು, "ಲ್ಯಾಬಿನಲ್ಲಿ ಬಟನ್ ಕೆಲಸ ಮಾಡಿದರೆ ಮಾರ್ಕ್ಸ್ ಬರ್ತದೆ, ಬಣ್ಣ ಯಾರು ನೋಡ್ತಾರೆ?" ನಿಜ, ಈಗ ಯಾರೂ ನೋಡುವುದಿಲ್ಲ. ಆದರೆ ಎರಡು ವರ್ಷ ಕಳೆದರೆ ನಾವು ಕೆಲಸಕ್ಕೆ ಹೋಗುವವರು. ಭಾರತ ಸರ್ಕಾರದ ವೆಬ್‌ಸೈಟ್‌ಗಳಿಗೆ ಜಿಐಜಿಡಬ್ಲ್ಯೂ ಎಂಬ ಮಾರ್ಗಸೂಚಿ 2009ರಿಂದಲೇ ಉಂಟು, 3.0 ಆವೃತ್ತಿ 2023ರಲ್ಲಿ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉಂಟು. ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ನಮ್ಮ ದೇಶದಲ್ಲಿ ಬದುಕುವ ಹಕ್ಕಿನ ಲೆಕ್ಕಕ್ಕೆ ಬಂದ ವಿಷಯ ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ಒಂದು ಸಾಲೂ ಇಲ್ಲ ಅಂದರೆ ಅದು ಸರಿ ಅಲ್ಲ ಅಂತ ನಮಗೆ ಅನಿಸ್ತದೆ.

ಮೂರು, "ಬೇಕಾದವರು ಹುಡುಕಿ ಒತ್ತುತ್ತಾರೆ ಬಿಡು." ಇದು ಎಲ್ಲಕ್ಕಿಂತ ಕೆಟ್ಟ ಉತ್ತರ. ಹುಡುಕುವವರು ಯಾರು? ದಿನವಿಡೀ ಸ್ಕ್ರೀನ್ ನೋಡುವ ನಾವು. ಕಾಣದಿದ್ದಾಗ "ನನಗೇ ಗೊತ್ತಾಗುವುದಿಲ್ಲ" ಅಂತ ಸುಮ್ಮನೆ ಮೊಬೈಲ್ ಕೆಳಗಿಡುವವರು ನಮ್ಮ ಅಪ್ಪ ಅಮ್ಮ, ಅಜ್ಜ, ಹಳ್ಳಿಯ ಶಾಲೆಯ ಟೀಚರ್. ಅವರು ಕಂಪ್ಲೇಂಟ್ ಕೊಡುವುದಿಲ್ಲ. ಹಾಗಾಗಿ ಎಲ್ಲ ಸರಿ ಉಂಟು ಅಂತ ನಾವು ತಿಳಿಯುತ್ತೇವೆ. ಆ ಟೀಚರ್ ಫೋನ್ ಮಾಡದಿದ್ದರೆ ನಾವು ಇವತ್ತಿಗೂ ಆ ಪೇಜನ್ನು ರೆಸ್ಯೂಮೆಯಲ್ಲಿ ಹಾಕ್ತಿದ್ದೆವು.

ಇಲ್ಲಿಯವರೆಗೆ ಹೇಳಿದ್ದು ಗೊತ್ತಿಲ್ಲದೆ ಮಾಡಿದ ತಪ್ಪು. ಗೊತ್ತಿದ್ದೇ ಮಾಡುವುದೂ ಉಂಟು, ಅದನ್ನೂ ಒಪ್ಪಿಕೊಳ್ಳಬೇಕು. ಆಮೇಲೆ ಇನ್ನೊಂದು ಫೆಸ್ಟಿನ ಪೇಜಿನಲ್ಲಿ ಟೀ ಶರ್ಟ್ ಮಾರಬೇಕಿತ್ತು. "ಟೀ ಶರ್ಟ್ ಸೇರಿಸಿ" ಎಂಬ ಬಟನ್‌ಗೆ ಗಾಢ ಬಣ್ಣ ಹಾಕಿ, "ಬೇಡ" ಎಂಬುದನ್ನು ತಿಳಿ ಬೂದಿಯಲ್ಲಿ ಕಂಡೂ ಕಾಣದ ಹಾಗೆ ಇಟ್ಟೆವು. ಟೀ ಶರ್ಟ್ ಖರ್ಚಾಯಿತು, ನಾವು ಬುದ್ಧಿವಂತರು ಅಂದುಕೊಂಡೆವು. ಇದಕ್ಕೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರುಂಟು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಗಳ ಪಟ್ಟಿ ಉಂಟು. ಒಂದನ್ನು ಎತ್ತಿ ತೋರಿಸಿ ಇನ್ನೊಂದನ್ನು ಮಸುಕು ಮಾಡಿ ಜನರನ್ನು ದಾರಿ ತಪ್ಪಿಸುವುದು ಆ ಪಟ್ಟಿಯಲ್ಲಿ ಇಂಟರ್‌ಫೇಸ್ ಇಂಟರ್‌ಫಿಯರೆನ್ಸ್. ಟೀಚರಿಗೆ "ಹೌದು" ಕಾಣಲಿಲ್ಲ, ಜೂನಿಯರ್ಸ್‌ಗೆ "ಬೇಡ" ಕಾಣಲಿಲ್ಲ. ಮೊದಲನೆಯದು ನಮ್ಮ ಅಜ್ಞಾನ, ಎರಡನೆಯದು ನಮ್ಮ ಕಳ್ಳತನ. ಎರಡಕ್ಕೂ ಬಳಸಿದ್ದು ಅದೇ ಸಿಎಸ್‌ಎಸ್, ಅದೇ ಒಂದು ಸಾಲು.

ಹಾಗಾಗಿ ಸಂಘದ ಮುಂದೆ, ಪೇಜ್ ಮಾಡುವ ಎಲ್ಲ ಗೆಳೆಯರ ಮುಂದೆ ನಮ್ಮದೊಂದು ಕೋರಿಕೆ. ಲಿಂಕ್ ಕಳಿಸುವ ಮೊದಲು ಹತ್ತು ನಿಮಿಷ ಕೊಡಿ. ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಮಾಡಿ ಬಣ್ಣದ ಚೌಕದ ಮೇಲೆ ಒತ್ತಿದರೆ ಕಾಂಟ್ರಾಸ್ಟ್ ಎಷ್ಟು ಅಂತ ಅದೇ ತೋರಿಸುತ್ತದೆ, ಬಣ್ಣಗುರುಡಿನವರಿಗೆ ಪುಟ ಹೇಗೆ ಕಾಣ್ತದೆ ಅಂತ ನೋಡುವ ಸೌಲಭ್ಯವೂ ಅದರಲ್ಲೇ ಉಂಟು. ಬಣ್ಣಗಳನ್ನು ಕಡತದ ಮೇಲ್ಗಡೆ ವೇರಿಯೇಬಲ್ ಮಾಡಿ ಇಡಿ, ತಪ್ಪಿದ್ದರೆ ಒಂದೇ ಕಡೆ ತಿದ್ದಿದರೆ ಸಾಕು. ಮೌಸ್ ಬಿಟ್ಟು ಬರೀ ಟ್ಯಾಬ್ ಒತ್ತಿ ಕೊನೆಯವರೆಗೆ ಹೋಗಿ ನೋಡಿ. ಆಮೇಲೆ ಮೊಬೈಲ್ ಹಿಡಿದು ಬಿಸಿಲಿಗೆ ಇಳಿಯಿರಿ. ಕೊನೆಗೆ ಮನೆಯಲ್ಲಿ ಐವತ್ತು ದಾಟಿದ ಒಬ್ಬರ ಕೈಗೆ ಕೊಟ್ಟು, ಏನೂ ಹೇಳಿಕೊಡದೆ, ಸುಮ್ಮನೆ ನೋಡಿ.

ಸಿಎಸ್‌ಎಸ್‌ನಲ್ಲಿ ಟೊಮ್ಯಾಟೊ, ಚಾಕಲೇಟ್, ಸಾಲ್ಮನ್ ಅಂತೆಲ್ಲ ಹೆಸರಿನ ಬಣ್ಣಗಳುಂಟು. ಅರಿಶಿನ ಇಲ್ಲ, ಕುಂಕುಮ ಇಲ್ಲ, ಅಡಿಕೆಯೂ ಇಲ್ಲ. ಇರ್ಲಿ, ನಮ್ಮ ವೇರಿಯೇಬಲ್‌ಗೆ ನಾವೇ ಆ ಹೆಸರು ಇಟ್ಟುಕೊಂಡಿದ್ದೇವೆ. ಈ ಸಲದ ಪೇಜಿನಲ್ಲಿ ಅರಿಶಿನ 255, 204, 0. ಕುಂಕುಮ 176, 0, 0. ಬಟನ್ ಕುಂಕುಮದ್ದು, ಅಕ್ಷರ ಬಿಳಿ, ಸುತ್ತ ಬಾವುಟದ ಚಿತ್ರ ಎಲ್ಲಿಯೂ ಇಲ್ಲ.

ಬಂಟ್ವಾಳದವ ಅದನ್ನು ಬಿ.ಸಿ. ರೋಡಿನಲ್ಲಿ ಮಧ್ಯಾಹ್ನ ನಿಂತು ನೋಡಿ ಬರ್ತಾನೆ. ಬೆಳ್ತಂಗಡಿಯವಳು ಅವಳ ಅಪ್ಪನಿಗೆ ತೋರಿಸ್ತಾಳೆ. ಆಮೇಲೆ ಮೊದಲ ಲಿಂಕ್ ಆ ಟೀಚರಿಗೆ ಕಳಿಸ್ತೇವೆ, ಕೊನೆಯ ದಿನಕ್ಕೆ ಹದಿನೈದು ದಿನ ಇರುವಾಗಲೇ. ಆ ಇಬ್ಬರು ಮಕ್ಕಳಲ್ಲಿ ಒಬ್ಬಳು ಈಗ ಹತ್ತನೇ ಕ್ಲಾಸಂತೆ. ಹೈಸ್ಕೂಲ್ ವಿಭಾಗದಲ್ಲಿ ಅವಳಿಗೆ ಇದು ಕೊನೆಯ ಅವಕಾಶ.